ಹತ್ತು ಕಿಲೋಮೀಟರಿನ ದನಿ: ಸಮುದಾಯ ರೇಡಿಯೊ ನಿರೂಪಣೆ, ನನ್ನ ಅನುಭವ

ಸಮುದಾಯ ರೇಡಿಯೊ ಎಂದರೆ ಸುತ್ತಲ ಊರಿನವರಿಗಾಗಿ ನಡೆಯುವ ಸಣ್ಣ ಎಫ್‌ಎಂ ಕೇಂದ್ರ. ಅದರ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ 50 ವ್ಯಾಟ್‌ನದು. ಆಂಟೆನಾ ನೆಲದಿಂದ 30 ಮೀಟರ್ ಮೀರುವ ಹಾಗಿಲ್ಲ. ದಾವಣಗೆರೆಯಂಥ ಬಯಲಲ್ಲಿ ಇಷ್ಟಕ್ಕೆ ಸುತ್ತ ಹತ್ತು ಕಿಲೋಮೀಟರ್ ಹತ್ತಿರ ಚೆನ್ನಾಗಿ ಕೇಳುತ್ತದೆ. ಚಿತ್ರದುರ್ಗದ ಗುಡ್ಡಗಳ ನಡುವೆ ಒಂದು ದಿಕ್ಕಿಗೆ ಹೋದಷ್ಟು ಇನ್ನೊಂದು ದಿಕ್ಕಿಗೆ ಹೋಗುವುದಿಲ್ಲ. ನಿರೂಪಕಿ ಹೇಗೆ ಮಾತಾಡಬೇಕು, ಯಾರನ್ನು ಏನೆಂದು ಕರೆಯಬೇಕು, ಏನನ್ನು ಬಾಯಿ ಬಿಡಬಾರದು ಎಂಬುದನ್ನೆಲ್ಲ ಈ ಹತ್ತು ಕಿಲೋಮೀಟರೇ ತೀರ್ಮಾನ ಮಾಡುತ್ತದೆ. ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದಕ್ಕೆ ಸಂಜೆ ಸಂತೆಯಲ್ಲಿ ಉತ್ತರ ಕೊಡಬೇಕಾದ ಕೆಲಸ ಇದು.

ಬೆಳಗಿನ ಆರೂವರೆಯ ಕಾರ್ಯಕ್ರಮ ಬರೆಯುವಾಗ ಮೊದಲು ಕೇಳಿಕೊಳ್ಳುವುದು ಒಂದೇ: ಈಗ ಕೇಳುವವರ ಕೈಯಲ್ಲಿ ಏನಿದೆ? ಹಾಲು ಕರೆಯುವವರು, ರೊಟ್ಟಿ ಬಡಿಯುವವರು, ಮೋಟರ್ ಹಾಕಲು ಹೊಲಕ್ಕೆ ಹೊರಟವರು. ಕೈ ಖಾಲಿ ಇಲ್ಲದವರು ಪೆನ್ನು ಹಿಡಿದು ಬರೆದುಕೊಳ್ಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಫೋನ್ ನಂಬರ್ ಓದುವುದು ದಂಡ. ನಂಬರ್, ಅರ್ಜಿಯ ಕೊನೆಯ ದಿನ, ಬೇಕಾದ ದಾಖಲೆಗಳ ಪಟ್ಟಿ ಇವೆಲ್ಲ ಮಧ್ಯಾಹ್ನ ಎರಡರ ಮೇಲಿನ ಕಾರ್ಯಕ್ರಮಕ್ಕೆ. ಬೆಳಿಗ್ಗೆ ಇವತ್ತಿನ ಕರೆಂಟು, ನಾಲೆ ನೀರು, ಮಾರುಕಟ್ಟೆ, ಒಂದು ಹಾಡು, ಒಬ್ಬರ ಮಾತು, ಅಷ್ಟು ಸಾಕು.

ಇನ್ನೊಂದು ಸಂಗತಿ. ಮೊಬೈಲಿನಲ್ಲಿ ಎಫ್‌ಎಂ ಕೇಳುವವರಿಗೆ ಇಯರ್‌ಫೋನ್ ವೈರೇ ಆಂಟೆನಾ. ಅಂದರೆ ಬಹಳ ಜನಕ್ಕೆ ನಿಮ್ಮ ದನಿ ನೇರ ಕಿವಿಯೊಳಗೆ ಹೋಗುತ್ತದೆ. ಸಭೆಯಲ್ಲಿ ಮಾತಾಡಿದ ಹಾಗೆ 'ಪ್ರಿಯ ಕೇಳುಗ ಬಾಂಧವರೇ' ಎಂದು ಕೂಗಿದರೆ ಅವರಿಗೆ ಕಿರಿಕಿರಿ. 'ನೀವು' ಎಂದು ಒಬ್ಬರಿಗೆ ಹೇಳುವ ಹಾಗೆ ಹೇಳಿದರೆ ಎಲ್ಲರಿಗೂ ಮುಟ್ಟುತ್ತದೆ.

ಮೈಕಿನ ಮುಂದೆ ಕೂರುವ ಮೊದಲು ಮೈಮೇಲೆ ಏನಿದೆ ನೋಡಿಕೊಳ್ಳುವುದು ಒಳ್ಳೆಯದು. ರೆಕಾರ್ಡಿಂಗ್ ದಿನ ಗಾಜಿನ ಬಳೆ ಬೇಡ. ಕೈ ಆಡಿಸಿದಾಗಲೆಲ್ಲ ಬರುವ ಕಿಣಿಕಿಣಿಯನ್ನು ಎಡಿಟಿಂಗ್‌ನಲ್ಲಿ ತೆಗೆಯಲಾಗದು, ಏಕೆಂದರೆ ಅದು ಸರಿಯಾಗಿ ಮಾತಿನ ಮೇಲೇ ಬಿದ್ದಿರುತ್ತದೆ. ಬಳೆ ತೆಗೆಯಲು ಮನಸ್ಸಿಲ್ಲದವರು ಮಣಿಕಟ್ಟಿಗೆ ಒಂದು ಕರ್ಚೀಫು ಸುತ್ತಿಕೊಂಡರಾಯಿತು. ರೇಷ್ಮೆ, ಸಿಂಥೆಟಿಕ್ ಸೀರೆ ಸರಬರ ಎನ್ನುತ್ತದೆ, ಹತ್ತಿ ಸುಮ್ಮನಿರುತ್ತದೆ. ಜೋತಾಡುವ ಓಲೆ ಹೆಡ್‌ಫೋನಿಗೆ ತಾಕಿ ಟಿಕ್ ಟಿಕ್ ಎನ್ನುತ್ತದೆ. ಊಟದ ವಿಷಯಕ್ಕೆ ಬಂದರೆ, ದಾವಣಗೆರೆಯಲ್ಲಿದ್ದು ಬೆಣ್ಣೆ ದೋಸೆ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ರೆಕಾರ್ಡಿಂಗ್ ಮುಗಿದ ಮೇಲೆ ತಿನ್ನಿ. ಜಿಡ್ಡು ಬಾಯಿ ಲೊಚಗುಟ್ಟುತ್ತದೆ, ಮಂಡಕ್ಕಿ ಮೆಣಸಿನಕಾಯಿ ತಿಂದ ಗಂಟಲು ಕೆರೆಯುತ್ತದೆ. ತಣ್ಣಗಿನದ್ದಲ್ಲದ ಸಾದಾ ನೀರು ಪಕ್ಕದಲ್ಲಿರಲಿ. ಅದೂ ಮೇಜಿನ ಮೇಲೆ ಬೇಡ, ನೆಲದ ಮೇಲೆ. ಲೋಟ ಇಟ್ಟ ಸದ್ದು ಮೇಜಿನಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಮೈಕಿಗೆ ಹತ್ತುತ್ತದೆ.

ಸಣ್ಣ ಕೇಂದ್ರಕ್ಕೆ ಡೈನಮಿಕ್ ಮೈಕೇ ಸರಿ. ಕಂಡೆನ್ಸರ್ ಮೈಕಿನಲ್ಲಿ ದನಿ ಹೊಳಪಾಗಿ ಬರುತ್ತದೆ ನಿಜ, ಆದರೆ ಗೋಡೆಗೆ ಸರಿಯಾದ ಹೊದಿಕೆ ಇಲ್ಲದ ಕೋಣೆಯ ಮಾರ್ದನಿ, ಹೊರಗಿನ ಆಟೊ ಹಾರ್ನು, ಪಕ್ಕದ ಕೋಣೆಯ ಫ್ಯಾನು ಎಲ್ಲವನ್ನೂ ಅದು ಎಳೆದುಕೊಳ್ಳುತ್ತದೆ. ಮೇಲಾಗಿ ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಹೋಗುವ ಕರೆಂಟು, ಬೇಕು. ಬಾಯಿಗೂ ಮೈಕಿಗೂ ನಡುವೆ ನಾಲ್ಕು ಬೆರಳಿನಿಂದ ಒಂದು ಮುಷ್ಟಿ ದೂರ. ಇನ್ನೂ ಹತ್ತಿರ ಹೋದರೆ ದನಿಗೆ ಗುಡುಗು ಸೇರುತ್ತದೆ. ಹೊಸಬರಿಗೆ ಆ ಗಡಸು ದನಿ ಕೇಳಲು ಖುಷಿ, ಆದರೆ ಅಗ್ಗದ ಮೊಬೈಲ್ ಸ್ಪೀಕರಿನಲ್ಲಿ ಅದು ಬರೀ ಗೊಗ್ಗರು. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಟಿಯ ಮೂಲೆಗೆ ಓರೆಯಾಗಿ ಇಡುತ್ತೇನೆ. ಪ, ಬ, ಫ, ಭ ಹೇಳುವಾಗ ಬಾಯಿಂದ ಹೊರಡುವ ಗಾಳಿ ಪಕ್ಕಕ್ಕೆ ಹೋಗುತ್ತದೆ, 'ಭದ್ರಾ' ಎಂದಾಗ ಢಬ್ ಎನ್ನುವುದಿಲ್ಲ. ಸ, ಶ ಚುಚ್ಚುತ್ತಿದ್ದರೆ ಓರೆ ಇನ್ನಷ್ಟು ಹೆಚ್ಚಿಸಿ. ಎಫ್‌ಎಂ ಪ್ರಸಾರದಲ್ಲಿ ತೀಕ್ಷ್ಣ ಸದ್ದಿನ ಅಂಶಗಳನ್ನು ಎತ್ತಿ ಕಳಿಸುವುದರಿಂದ ಸ್ಟುಡಿಯೊದಲ್ಲಿ ಸುಮಾರಾಗಿ ಕೇಳಿದ ಸಕಾರ ರೇಡಿಯೊದಲ್ಲಿ ಚರಚರ ಎನ್ನಬಹುದು.

ಲೆವೆಲ್: ಸಾಮಾನ್ಯ ಮಾತಿಗೆ ಮೀಟರ್ ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್ ನಡುವೆ ಆಡಬೇಕು. ಜೋರು ನಗುವಿಗೂ ಮೈನಸ್ 6 ದಾಟಬಾರದು. ಕಡಿಮೆಯಾದರೆ ಆಮೇಲೆ ಎತ್ತಬಹುದು, ಹರಿದ ದನಿಯನ್ನು ಹೊಲಿಯಲಾಗದು. ಜುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅರ್ಥಿಂಗ್ ಸರಿಯಿಲ್ಲದಿರಬಹುದು, ಎಲೆಕ್ಟ್ರೀಷಿಯನ್ ಕರೆಸಿ. ಮೊಬೈಲು ದನಿ ಹೊಂದಿಸುವ ಮಿಕ್ಸರ್ ಪಕ್ಕದಲ್ಲಿ ಬೇಡ, ಸೈಲೆಂಟ್‌ನಲ್ಲಿದ್ದರೂ ಅದು ಗರಗರ ಎನ್ನುತ್ತದೆ.

ಇನ್ನು ಬರವಣಿಗೆ. ಹೆಚ್ಚು ಹೊತ್ತು ಹೋಗುವುದು ಇಲ್ಲೇ. ಕಚೇರಿಗಳಿಂದ ಬರುವ ಪ್ರಕಟಣೆ ಹೀಗಿರುತ್ತದೆ: 'ತುರ್ತು ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವುದರಿಂದ ಈ ಕೆಳಕಂಡ ಗ್ರಾಮಗಳಲ್ಲಿ ಬೆಳಿಗ್ಗೆ 10 ರಿಂದ ಸಂಜೆ 5 ರವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಗ್ರಾಹಕರು ಸಹಕರಿಸಬೇಕಾಗಿ ಕೋರಲಾಗಿದೆ.' ಇದನ್ನು ಹಾಗೇ ಓದಿದರೆ ಊರಿನ ಹೆಸರು ಬರುವಷ್ಟರಲ್ಲಿ ಕೇಳುವವರ ಗಮನ ಒಲೆಯ ಮೇಲಿನ ಹಾಲಿಗೆ ಹೋಗಿರುತ್ತದೆ. ನಾನು ಬರೆದುಕೊಳ್ಳುವುದು ಹೀಗೆ: 'ಹದಡಿ, ಲೋಕಿಕೆರೆ ಕಡೆಯವರು ಸ್ವಲ್ಪ ಕೇಳ್ರಿ. ನಾಳೆ ಗುರುವಾರ ಕರೆಂಟ್ ಇರಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದ್ರೆ ಬರೋದು ಸಂಜೆ ಐದಕ್ಕೆ. ಗಿರಣಿಗೆ ಹೋಗೋರು ಇವತ್ತೇ ಹೋಗಿ ಬನ್ನಿ, ಮೇಲಿನ ಟ್ಯಾಂಕ್ ರಾತ್ರಿನೇ ತುಂಬಿಸ್ಕೊಳ್ಳಿ.' ಊರು ಮೊದಲು, ದಿನ ಆಮೇಲೆ, ಹೊತ್ತು ಅದರ ಮೇಲೆ, ಕೊನೆಗೆ ಅವರು ಮಾಡಬೇಕಾದ್ದು. ಊರುಗಳು ಹತ್ತಿದ್ದರೆ ಬಸ್ಸು ಹೋಗುವ ದಾರಿಯ ಕ್ರಮದಲ್ಲಿ ಓದಿ, ಅಕಾರಾದಿಯಲ್ಲಿ ಬೇಡ. ಬಸ್ಸಿನ ದಾರಿ ಎಲ್ಲರ ತಲೆಯಲ್ಲೂ ಇರುತ್ತದೆ.

ಒಂದು ವಾಕ್ಯ ಒಂದೇ ಉಸಿರಿಗೆ ಮುಗಿಯಬೇಕು. ಹನ್ನೆರಡು ಪದ ದಾಟಿದರೆ ಮುರಿಯಿರಿ. ನಿಮಿಷಕ್ಕೆ ಸುಮಾರು 90 ಪದದ ಲೆಕ್ಕದಲ್ಲಿ ಬರೆದರೆ ನಿಲ್ಲಬೇಕಾದಲ್ಲಿ ನಿಲ್ಲಲು ಜಾಗ ಉಳಿಯುತ್ತದೆ. ಕಾಗದದ ಒಂದೇ ಮಗ್ಗುಲಲ್ಲಿ, ಎರಡು ಸಾಲಿನ ನಡುವೆ ಒಂದು ಸಾಲಿನ ಜಾಗ ಬಿಟ್ಟು ಬರೆಯುವುದು. ವಾಕ್ಯ ಪುಟದ ಕೊನೆಯಲ್ಲಿ ತುಂಡಾಗಬಾರದು, ತುಂಡಾದರೆ ಪುಟ ತಿರುಗಿಸುವ ಸದ್ದು ಮಾತಿನ ನಡುವೆ ಬರುತ್ತದೆ.

ಅಂಕಿ ಓದುವುದು ಬೇರೆಯದೇ ವಿದ್ಯೆ. ಮೆಕ್ಕೆಜೋಳದ ಸೈನಿಕ ಹುಳುವನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು 2018ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ. ಅಂದಿನಿಂದ ನಮ್ಮ ಕಡೆ ಪ್ರತಿ ಮುಂಗಾರಿನಲ್ಲೂ ಅದರ ಪ್ರಶ್ನೆ ಬರುತ್ತದೆ. ವಿಜ್ಞಾನಿಗಳು ಕೊಡುವ ಪ್ರಮಾಣ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೀರಿನಲ್ಲಿ ಕರಗುವ ಹರಳಿನ ಕೀಟನಾಶಕ), ಲೀಟರಿಗೆ 0.4 ಗ್ರಾಂ. ಇದನ್ನು 'ಪಾಯಿಂಟ್ ನಾಲ್ಕು' ಎಂದು ಓದಿದರೆ ಆ 'ಪಾಯಿಂಟ್' ಗಾಳಿಯಲ್ಲಿ ಕಳೆದುಹೋಗಿ ಹತ್ತು ಪಟ್ಟು ಔಷಧಿ ಬೀಳುವ ಅಪಾಯವಿದೆ. 'ಹತ್ತು ಲೀಟರ್ ನೀರಿಗೆ ನಾಲ್ಕು ಗ್ರಾಂ' ಎಂದು ಹೇಳಬೇಕು. ಬೆನ್ನಿಗೆ ಹಾಕುವ ಕ್ಯಾನು 16 ಲೀಟರಿನದಾದರೆ ಆರೂವರೆ ಗ್ರಾಮಿಗೆ ಚೂರು ಕಮ್ಮಿ. ಅದನ್ನೂ ಲೆಕ್ಕ ಹಾಕಿ ಹೇಳಿಬಿಡಿ, ಹೊಲದಲ್ಲಿ ಯಾರೂ ಗುಣಾಕಾರ ಮಾಡುತ್ತ ಕೂರುವುದಿಲ್ಲ. ಸಿಂಪಡಣೆ ಸುಳಿಯೊಳಗೆ ಇಳಿಯಬೇಕು ಎಂಬುದನ್ನು ಪ್ರಮಾಣದ ಜೊತೆಗೇ ಸೇರಿಸಬೇಕು. ಇಡೀ ಮಾತನ್ನು ಎರಡು ಸಲ, ಎರಡನೆಯ ಸಲ ಅದೇ ಪದಗಳಲ್ಲಿ. ಬೇರೆ ಪದ ಬಳಸಿದರೆ ಅದು ಬೇರೆ ಸಲಹೆ ಎಂದುಕೊಳ್ಳುತ್ತಾರೆ. ಪ್ರಮಾಣವನ್ನು ನಿರೂಪಕಿ ತನ್ನ ನೆನಪಿನಿಂದ ಹೇಳಲೇಬಾರದು. ಕೃಷಿ ವಿಜ್ಞಾನ ಕೇಂದ್ರದವರೇ ಬರೆದುಕೊಟ್ಟ ಚೀಟಿ ಕೈಯಲ್ಲಿರಬೇಕು.

ಮಾರುಕಟ್ಟೆ ದರಕ್ಕೂ ಹೀಗೇ ಒಂದು ಕ್ರಮ: ಮೊದಲು ಯಾವ ಊರಿನ ಮಾರುಕಟ್ಟೆ, ಯಾವ ದಿನದ್ದು, ಆಮೇಲೆ ಮಾಲು, ಕ್ವಿಂಟಲಿಗೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಿದ ದರ). ಗರಿಷ್ಠವೊಂದನ್ನೇ ಓದಿದರೆ ನಾಳೆ ಅದೇ ದರ ಸಿಗುತ್ತದೆಂದು ಚೀಲ ಹೇರಿಕೊಂಡು ಹೊರಡುವವರಿರುತ್ತಾರೆ. ಭದ್ರಾ ನಾಲೆಯ ಆನ್ ಆಂಡ್ ಆಫ್ (ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ) ದಿನಗಳನ್ನು ಓದುವಾಗ ನೀರು ಬಿಡುವ ದಿನ ಬೇರೆ, ಕೊನೆ ಭಾಗಕ್ಕೆ ಮುಟ್ಟುವ ದಿನ ಬೇರೆ ಎಂದು ಬಿಡಿಸಿ ಹೇಳದಿದ್ದರೆ ಮಲೇಬೆನ್ನೂರು, ಹರಿಹರ ಕಡೆಯ ಫೋನು ನಿಲ್ಲುವುದಿಲ್ಲ.

ಫೋನಿನಲ್ಲಿ ಬಂದವರನ್ನು ಕರೆಯುವ ಬಗೆ. ಒಬ್ಬರನ್ನು 'ಗೌಡ್ರೇ' ಎಂದು, ಮುಂದಿನವರನ್ನು ಬರೀ ಹೆಸರು ಹಿಡಿದು ಕರೆದರೆ ಇಡೀ ಊರಿಗೆ ಅದು ಕೇಳುತ್ತದೆ. ಮೈಕಿನಲ್ಲಿ ಎಲ್ಲರೂ ಅಣ್ಣ, ಅಕ್ಕ, ವಯಸ್ಸಾದವರು ಅಜ್ಜ, ಅಜ್ಜಿ. ಜಾತಿಯ ಘಮ ಇರುವ ಗೌರವಸೂಚಕ ಒಂದೂ ಬೇಡ. ಮಕ್ಕಳಿಗೂ 'ನೀವು' ಎನ್ನುವುದು ನನಗೆ ಅತಿ ಅನಿಸುತ್ತದೆ, 'ಏನ್ ಪುಟ್ಟಾ' ಸಾಕು. ಇನ್ನು ಭಾಷೆ: ಚಳ್ಳಕೆರೆ ಕಡೆಯವರ ಮಾತಿನಲ್ಲಿ ತೆಲುಗಿನ ಎಳೆ, ತಾಂಡಾದವರಲ್ಲಿ ಲಂಬಾಣಿಯ ಏರಿಳಿತ, ಹರಿಹರದಾಚೆ ಉತ್ತರದ ರಾಗ ಇರುತ್ತದೆ. ಅವರ ಮಾತು ಅವರದ್ದು. ನಿರೂಪಕಿ ಅದನ್ನು ಅನುಕರಿಸಿದರೆ ಅಣಕವಾಗುತ್ತದೆ, ತಿದ್ದಿದರೆ ಅವಮಾನ. ನಾನು ಮನೆಯಲ್ಲಿ ಆಡುವ ಕನ್ನಡವನ್ನೇ ಆಡುತ್ತೇನೆ.

ಕರೆ ತೆಗೆದುಕೊಂಡ ಕೂಡಲೇ 'ನಿಮ್ಮ ರೇಡಿಯೊ ಸಣ್ಣಕೆ ಮಾಡ್ರಿ' ಎನ್ನಬೇಕು. ಇಲ್ಲವಾದರೆ ಅವರ ರೇಡಿಯೊದ ದನಿ ಫೋನಿನೊಳಗೆ ನುಗ್ಗಿ ಸುತ್ತಿಕೊಂಡು ಕೀಯ್ ಎನ್ನುತ್ತದೆ.

ಹೊರಗಿನ ರೆಕಾರ್ಡಿಂಗ್‌ಗೆ ದೊಡ್ಡ ಶತ್ರು ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಬಯಲಲ್ಲಿ ನಿಂತು ಸಂದರ್ಶನ ಮಾಡುವುದು ವ್ಯರ್ಥ, ಮೈಕಿಗೆ ಬರೀ ಸ್ಪಂಜಿನ ಟೊಪ್ಪಿಗೆ ಸಾಲದು. ಕೂದಲು ಹೊದಿಕೆ ಇದ್ದರೆ ಸರಿ. ಇಲ್ಲದಿದ್ದರೆ ಟ್ರ್ಯಾಕ್ಟರ್ ಮರೆ, ಬಣವೆಯ ಮರೆ, ಗಾಳಿಗೆ ಬೆನ್ನು. ಮನೆಯೊಳಗಾದರೆ ಟಿವಿ, ಫ್ರಿಜ್ಜು, ಕುಕ್ಕರು ಮೊದಲು ನಿಲ್ಲಿಸಲು ಕೇಳಿಕೊಳ್ಳಿ. ಫ್ರಿಜ್ ಸ್ವಿಚ್ ಆರಿಸಿದವರು ಹೊರಡುವಾಗ ಹಾಕುವುದನ್ನು ಮರೆಯದಿರಲು ನಿಮ್ಮ ಗಾಡಿ ಕೀಲಿಯನ್ನು ಫ್ರಿಜ್ ಮೇಲಿಡಿ. ರೆಕಾರ್ಡರ್ ಯಾವತ್ತೂ ನಿಮ್ಮ ಕೈಯಲ್ಲೇ ಇರಲಿ, ಮಾತಾಡುವವರ ಕೈಗೆ ಕೊಟ್ಟರೆ ಅದು ಭಾಷಣವಾಗುತ್ತದೆ. ಮುಗಿದ ಮೇಲೆ ಯಾರೂ ಮಾತಾಡದೆ ಆ ಜಾಗದ ಸದ್ದನ್ನೇ ಒಂದು ನಿಮಿಷ ಹಿಡಿದುಕೊಳ್ಳಿ. ಎಡಿಟಿಂಗ್‌ನಲ್ಲಿ ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದು ಬೇಕು. ಎಡಿಟಿಂಗ್ ನನ್ನದು ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ. 80 ಹರ್ಟ್ಸ್‌ನ ಕೆಳಗಿನದನ್ನು ತೆಗೆದರೆ ಗಾಡಿಗಳ ಗುಡುಗುಡು ಹೋಗುತ್ತದೆ. ಗದ್ದಲ ತೆಗೆಯುವ ಸಾಧನವನ್ನು 6ರಿಂದ 9 ಡೆಸಿಬೆಲ್ ಮೇಲೆ ಎಳೆದರೆ ಮನುಷ್ಯರು ಕೆರೆಯೊಳಗಿಂದ ಮಾತಾಡಿದಂತೆ ಕೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಗುಟ್ಟಿನ ವಿಷಯದಲ್ಲಿ. ಕುಡಿತದ ಗಂಡ, ಗರ್ಭಕೋಶದ ಕಾಯಿಲೆ, ಸಾಲ, ಕ್ಷಯ. ಇಂಥವನ್ನು ಹೇಳಿಕೊಂಡ ಹೆಣ್ಣುಮಗಳ ಹೆಸರು ಬದಲಿಸಿದರೆ ಸಾಕೆಂಬುದು ಪತ್ರಿಕೆಗೆ ಸರಿಹೋಗಬಹುದು. ಇಲ್ಲಿ ಹತ್ತು ಕಿಲೋಮೀಟರಿನೊಳಗೆ ದನಿಯೇ ಹೆಸರು. ಎರಡನೇ ವಾಕ್ಯಕ್ಕೆ ಓಣಿಯವರಿಗೆ ಗೊತ್ತಾಗುತ್ತದೆ. ಯಂತ್ರದಿಂದ ದನಿಯನ್ನು ದಪ್ಪ ಮಾಡಿದರೂ ಮಾತಿನ ಲಯ ಉಳಿಯುತ್ತದೆ, ಅದನ್ನೇ ಹಿಡಿದು ಗುರುತಿಸುತ್ತಾರೆ. ಹಾಗಾಗಿ ಅವರ ಮಾತನ್ನು ಬರೆದುಕೊಂಡು ಇನ್ನೊಬ್ಬರಿಂದ, ಅದೂ ಬೇರೆ ತಾಲೂಕಿನವರಿಂದ, ಓದಿಸಬೇಕು. ಮಕ್ಕಳೆಷ್ಟು, ಅಂಗಡಿ ಯಾವುದು, ಯಾವ ಸಂಘದ ಸದಸ್ಯೆ ಎಂಬ ಗುರುತುಗಳನ್ನೂ ಅಳಿಸಬೇಕು. ಪ್ರಸಾರಕ್ಕೆ ಮುಂಚೆ ಅವರಿಗೇ ಒಮ್ಮೆ ಕೇಳಿಸಿ. ಬೇಡವೆಂದರೆ ಬೇಡ, ಅಲ್ಲಿಗೆ ಮುಗಿಯಿತು. ಉಳಿದವರದ್ದಾದರೆ ಹೆಸರು, ಊರು, 'ಇದನ್ನು ರೇಡಿಯೊದಲ್ಲಿ ಹಾಕಬಹುದು' ಎಂಬ ಒಪ್ಪಿಗೆ ಅವರ ಬಾಯಲ್ಲೇ ರೆಕಾರ್ಡಾಗಿರಲಿ.

ನಿಯಮಗಳ ಪೈಕಿ ನಿರೂಪಕಿಗೆ ದಿನಾ ತಗಲುವುದು ಎರಡು ಮೂರು. ಸ್ವಂತ ಸುದ್ದಿ ಹಾಕುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮಾತ್ರ ಮರುಪ್ರಸಾರ ಮಾಡಬಹುದು. ಆದರೆ ಸ್ಥಳೀಯ ಜಾತ್ರೆ, ಆಟೋಟ, ಹವಾಮಾನ, ಪರೀಕ್ಷೆ ಫಲಿತಾಂಶ, ಉದ್ಯೋಗ, ನೀರು, ಕರೆಂಟು, ಆರೋಗ್ಯದ ಎಚ್ಚರಿಕೆಗಳನ್ನು ಸುದ್ದಿಯೆಂದು ಲೆಕ್ಕ ಹಿಡಿಯುವುದಿಲ್ಲ. ದುಗ್ಗಮ್ಮನ ಜಾತ್ರೆಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳಬಹುದು, ಜಾತ್ರೆಗೆ ಬಂದ ರಾಜಕಾರಣಿ ಏನೆಂದರು ಎಂಬುದು ಬೇಡ. ಜಾಹೀರಾತಿಗೆ ಗಂಟೆಗೆ 12 ನಿಮಿಷದ ತನಕ ಅವಕಾಶವಿದೆ. ಅಷ್ಟು ಜಾಹೀರಾತು ಬಂದರೆ ಸಿಹಿ ಹಂಚೋಣ. ಗೌರವಧನವನ್ನೇ ನೆಚ್ಚಿಕೊಂಡು ಮನೆ ನಡೆಸಲಾಗದ್ದರಿಂದ ನಮ್ಮಲ್ಲಿ ಬಹುತೇಕರಿಗೆ ಟ್ಯೂಷನ್ನೋ ಹೊಲಿಗೆಯೋ ಇನ್ನೊಂದು ಕಸುಬು ಇದ್ದೇ ಇರುತ್ತದೆ. ವಾರದ ಧ್ವನಿಮುದ್ರಣವನ್ನು ಎರಡು ದಿನಕ್ಕೆ ಒತ್ತಟ್ಟಿಗೆ ಮುಗಿಸುವ ರೂಢಿ ಬಂದದ್ದು ಅದರಿಂದಲೇ. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಪಾಡಬೇಕು. ಕಡತದ ಹೆಸರು ವರ್ಷ, ತಿಂಗಳು, ದಿನ, ಕಾರ್ಯಕ್ರಮ ಈ ಕ್ರಮದಲ್ಲಿದ್ದರೆ ಹುಡುಕಲು ಸುಲಭ.

ಇನ್ನೊಂದು ವ್ಯವಸ್ಥೆ ಪ್ರತಿ ಕೇಂದ್ರದಲ್ಲೂ ಇರಬೇಕು: ಯಾರಿಗಾದರೂ ಗಂಟಲು ಕಟ್ಟಿದ ದಿನಕ್ಕೆಂದು ಅರ್ಧ ಗಂಟೆಯ ಎರಡು ಕಾರ್ಯಕ್ರಮ ಸಿದ್ಧ. ಅವುಗಳಲ್ಲಿ 'ಇವತ್ತು', 'ನಿನ್ನೆ', 'ಈ ವಾರ' ಎಂಬ ಪದ ಬರಕೂಡದು, ಹಬ್ಬದ ಹೆಸರು ಬೇಡ, ಮಳೆ ಬಿಸಿಲಿನ ಮಾತು ಬೇಡ, ಯೋಜನೆಯ ಕೊನೆ ದಿನವಂತೂ ಬೇಡವೇ ಬೇಡ. ಸೋಬಾನೆ ಪದ, ಅಜ್ಜಿಯೊಬ್ಬರ ಅಡುಗೆ, ಬೀಜ ಕಾಪಿಡುವ ಬಗೆ ಇಂಥವು ಸರಿಹೋಗುತ್ತವೆ. ಮತ್ತೆ ಮಾತಾಡಿದವರು ಬದುಕಿದ್ದಾರೆಯೇ ಎಂದು ಆರು ತಿಂಗಳಿಗೊಮ್ಮೆ ವಿಚಾರಿಸಿಕೊಳ್ಳಿ. ತೀರಿಹೋಗಿದ್ದರೆ ಮನೆಯವರನ್ನು ಕೇಳದೆ ಹಾಕಬೇಡಿ.