ಸ್ಕೀಮಿನಲ್ಲಿ ಇಲ್ಲದ ಉತ್ತರ

ಧಾರವಾಡದ ಮೌಲ್ಯಮಾಪನ ಕ್ಯಾಂಪಿಗೆ ನಾನು ಮೊದಲ ಸಲ ಹೋದದ್ದು 2014ರಲ್ಲಿ. ಎನ್‌ಸಿಇಆರ್‌ಟಿ ಪಠ್ಯ ಬಂದ ಮೇಲೆ ದ್ವಿತೀಯ ಪಿಯುಸಿ ಗಣಿತಕ್ಕೆ ಅದೇ ಮೊದಲ ಪರೀಕ್ಷೆ. ಹಾವೇರಿಯಿಂದ ಹೋದವನು ಮಾಳಮಡ್ಡಿಯಲ್ಲಿ ಸೋದರಮಾವನ ಮನೆಯಲ್ಲಿ ಉಳಿದುಕೊಂಡಿದ್ದೆ. ದಿನಾ ಬೆಳಿಗ್ಗೆ ಅತ್ತೆ ಅವಲಕ್ಕಿ ತಿನ್ನಿಸಿ, "ಪಾಪ ಹುಡುಗ್ರು, ಕೈ ಬಿಚ್ಚಿ ಹಾಕಪಾ ಮಾರ್ಕ್ಸ್" ಎಂದು ಹೇಳಿಯೇ ಕಳಿಸುತ್ತಿದ್ದರು. ಜೇಬಿನಲ್ಲಿ ಎರಡು ಕೆಂಪು ಪೆನ್ನು. ಸ್ಕೀಮ್ ಕೈಯಲ್ಲಿದ್ದರೆ ಇನ್ನೇನು ಬೇಕು ಎಂಬ ಧೈರ್ಯ ಬೇರೆ.

ಸ್ಕೀಮ್ ಎಂದರೆ ಮಾದರಿ ಉತ್ತರ. ಯಾವ ಹಂತಕ್ಕೆ ಎಷ್ಟು ಅಂಕ ಎಂದು ಸಾಲುಸಾಲಾಗಿ ಹಾಕಿರುತ್ತಾರೆ. ಬೇರೆ ವಿಧಾನದಿಂದ ಸರಿಯಾಗಿ ಬಿಡಿಸಿದ್ದರೂ ಪೂರ್ತಿ ಅಂಕ ಕೊಡಬೇಕು ಎಂಬ ಸೂಚನೆಯೂ ಇರುತ್ತದೆ. ಆ ಸೂಚನೆಯನ್ನು ನಾನು ಓದಿದ್ದೆ. ಓದಿದ್ದೆ, ಅಷ್ಟೇ.

(ಇಲ್ಲಿ ಕೊಡುವ ಪ್ರಶ್ನೆಗಳನ್ನು ಬೇಕೆಂದೇ ಬದಲಿಸಿದ್ದೇನೆ. ತಪ್ಪುಗಳು ಮಾತ್ರ ಕಂಡದ್ದು ಕಂಡ ಹಾಗೆ. ಅವುಗಳಲ್ಲಿ ಕೆಲವು ನನ್ನವೇ.)

ಎರಡನೆಯ ದಿನ ಒಂದು ಪತ್ರಿಕೆ ಬಂತು. ಸೈನ್ ಎಕ್ಸ್ ಇಂಟು ಕಾಸ್ ಎಕ್ಸ್‌ನ ಇಂಟಿಗ್ರಲ್. ಸ್ಕೀಮಿನಲ್ಲಿ ಸೈನ್ ಎಕ್ಸ್ ಅನ್ನು ಟಿ ಎಂದಿಟ್ಟು, ಅರ್ಧ ಸೈನ್ ಸ್ಕ್ವೇರ್ ಎಕ್ಸ್ ಪ್ಲಸ್ ಸಿ (ಯಾವುದೋ ಒಂದು ಸ್ಥಿರ ಸಂಖ್ಯೆ) ಎಂದು ಮುಗಿಸಿದ್ದರು. ಈ ಮಗು, ಹುಡುಗನೋ ಹುಡುಗಿಯೋ ಕೋಡ್ ಹಾಕಿದ ಪತ್ರಿಕೆಯಲ್ಲಿ ಗೊತ್ತಾಗುವುದಿಲ್ಲ, ಕಾಸ್ ಎಕ್ಸ್ ಅನ್ನು ಟಿ ಎಂದಿಟ್ಟು, ಮೈನಸ್ ಅರ್ಧ ಕಾಸ್ ಸ್ಕ್ವೇರ್ ಎಕ್ಸ್ ಪ್ಲಸ್ ಸಿ ಎಂದು ಬರೆದಿತ್ತು. ಸೈನ್ ಇರಬೇಕಾದಲ್ಲಿ ಕಾಸ್, ಪ್ಲಸ್ ಇರಬೇಕಾದಲ್ಲಿ ಮೈನಸ್. ನಾನು ಸೊನ್ನೆ ಸುತ್ತಿ ಮುಂದೆ ಹೋದೆ.

ನಮ್ಮ ಮೇಜಿನ ಡಿಸಿಇ, ಅಂದರೆ ಉಪ ಮುಖ್ಯ ಪರೀಕ್ಷಕರು, ಗದಗಿನ ಕಡೆಯವರು, ನಿವೃತ್ತಿಗೆ ಒಂದೆರಡು ವರ್ಷ ಇದ್ದ ಹಿರಿಯರು. ನಾವು ನೋಡಿಟ್ಟ ಪತ್ರಿಕೆಗಳಲ್ಲಿ ಕೆಲವನ್ನು ತೆಗೆದು ಮತ್ತೆ ನೋಡುವುದು ಅವರ ಕೆಲಸ. ಇದನ್ನೇ ತೆಗೆದರು. ಬೈಯಲಿಲ್ಲ. ಒಂದು ಕಚ್ಚಾ ಹಾಳೆ ನನ್ನ ಮುಂದೆ ಸರಿಸಿ, "ಸ್ಕೀಮಿನ ಉತ್ತರದಾಗ ಈ ಕೂಸಿನ ಉತ್ತರ ಕಳೀರಿ ಸರ" ಎಂದರು. ಕಳೆದೆ. ಅರ್ಧ ಸೈನ್ ಸ್ಕ್ವೇರ್, ಪ್ಲಸ್ ಅರ್ಧ ಕಾಸ್ ಸ್ಕ್ವೇರ್. ಸೈನ್ ಸ್ಕ್ವೇರ್, ಕಾಸ್ ಸ್ಕ್ವೇರ್ ಕೂಡಿದರೆ ಒಂದು, ಹಾಗಾಗಿ ಎರಡೂ ಸೇರಿ ಬರೇ ಅರ್ಧ. ಬರೇ ಒಂದು ಸಂಖ್ಯೆ.

"ಆ ಸಿ ಯಾಕ ಐತಿ ಅನಕೊಂಡೀರಿ? ಇದಕ್ಕ ಐತ್ರಿ."

ಹತ್ತು ವರ್ಷ ಇಂಟಿಗ್ರೇಷನ್ ಕಲಿಸಿದವನಿಗೆ ಕಿವಿ ಬಿಸಿಯಾಯಿತು. ಸೊನ್ನೆಗೆ ಗೆರೆ ಎಳೆದು, ಸರಿಯಾದ ಅಂಕ ಬರೆದು ಸಹಿ ಹಾಕಿದೆ. ಅದಾದ ಮೇಲೆ ಊಟ ಸೇರಲಿಲ್ಲ. ಬೆಳಗಿನ ಕಟ್ಟಿನಲ್ಲಿ ಇಂಥವು ಎಷ್ಟು ಹೋಗಿವೆಯೋ? ಆ ಕಟ್ಟನ್ನು ಕೇಳಿ ತೆಗೆಸಿ ಮತ್ತೆ ತಿರುವಿದೆ. ಒಂದು ಸಿಕ್ಕಿತು. ಇನ್ನೊಂದು ಪತ್ರಿಕೆಯಲ್ಲಿ ಸೈನ್ ಟೂ ಎಕ್ಸ್ ಮಾಡಿಕೊಂಡು, ಮೈನಸ್ ಕಾಲು ಕಾಸ್ ಟೂ ಎಕ್ಸ್ ಪ್ಲಸ್ ಸಿ ಎಂದಿತ್ತು. ಅದೂ ಸರಿಯೇ. ಅದಕ್ಕೆ ಮಾತ್ರ ಮೊದಲೇ ಪೂರ್ತಿ ಅಂಕ ಕೊಟ್ಟಿದ್ದೆ, ಏಕೆಂದು ಇವತ್ತಿಗೂ ನೆನಪಾಗುತ್ತಿಲ್ಲ.

ಈಗ ನನ್ನ ವಿದ್ಯಾರ್ಥಿಗಳು "ಒಂದು ಸಿ ಬಿಟ್ಟದ್ದಕ್ಕ ಮಾರ್ಕ್ಸ್ ಯಾಕ ಕಟ್ ಮಾಡ್ತೀರಿ ಸರ" ಎಂದರೆ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಸಿ ಬಿಟ್ಟು ಎರಡೂ ಉತ್ತರ ಸರಿ ಎಂದರೆ ಅರ್ಧ ಸೈನ್ ಸ್ಕ್ವೇರ್ ಎಂಬುದು ಮೈನಸ್ ಅರ್ಧ ಕಾಸ್ ಸ್ಕ್ವೇರಿಗೆ ಸಮ. ಆಚೆಯದನ್ನು ಈಚೆ ತಂದು ಎರಡರಿಂದ ಗುಣಿಸಿದರೆ ಒಂದು ಎಂದರೆ ಸೊನ್ನೆ. ಅಲ್ಲಿಗೆ ಗಲಾಟೆ ನಿಲ್ಲುತ್ತದೆ.

ಆವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಉತ್ತರ ಸ್ಕೀಮಿಗೆ ಹೊಂದದಿದ್ದರೆ ಪೆನ್ನು ಕೆಳಗಿಡುವುದು. ಕೈಯಲ್ಲಿ ಪೆನ್ನಿದ್ದರೆ ಅದು ತಾನಾಗಿಯೇ ಗೆರೆ ಎಳೆಯುತ್ತದೆ. ಸ್ಕೀಮನ್ನು ಮಗುಚಿಟ್ಟು, ಈ ಮಗು ಎಲ್ಲಿಂದ ಹೊರಟಿತು, ಎಲ್ಲಿ ದಾರಿ ತಪ್ಪಿತು ಎಂದು ಮೇಲಿನಿಂದ ಓದುತ್ತೇನೆ. ಇದಕ್ಕೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ.

"ಸಾಧಿಸಿ" ಎಂಬ ಪ್ರಶ್ನೆಗಳನ್ನು ಮಾತ್ರ ಹಾಗೆ ಓದಬಾರದು. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೊನೆಯ ಸಾಲು ಪ್ರಶ್ನೆಯಲ್ಲೇ ಅಚ್ಚಾಗಿರುವಾಗ ಅದಕ್ಕೆ ಬೆಲೆ ಏನು? ಐದಂಕದ ಹಳೆಯ ಗೆಳೆಯ ಒಂದಿದೆ: ವೈ ಎಂಬುದು ಟ್ಯಾನ್ ಇನ್ವರ್ಸ್ ಎಕ್ಸ್‌ನ ವರ್ಗ, ಅದರ ಎರಡನೇ ಡೆರಿವೇಟಿವ್ ಇಟ್ಟುಕೊಂಡು ಉದ್ದನೆಯ ಉಕ್ತಿಯೊಂದು ಎರಡಕ್ಕೆ ಸಮ ಎಂದು ತೋರಿಸಬೇಕು. ಒಮ್ಮೆ ಡಿಫರೆನ್ಶಿಯೇಟ್ ಮಾಡಿ, ಛೇದವನ್ನು ಎಡಕ್ಕೆ ತಂದು, ಮತ್ತೊಮ್ಮೆ ಮಾಡುವಾಗ ಪ್ರಾಡಕ್ಟ್ ರೂಲ್ (ಗುಣಲಬ್ಧದ ಡೆರಿವೇಟಿವ್ ತೆಗೆಯುವ ನಿಯಮ) ಹಾಕಬೇಕು. ಅಲ್ಲಿ 2ಎಕ್ಸ್ ವೈ-ಒನ್ ಎಂಬ ಪದ ಹುಟ್ಟುತ್ತದೆ; ವೈ-ಒನ್ ಎಂದರೆ ವೈನ ಮೊದಲ ಡೆರಿವೇಟಿವ್. ಬಹಳ ಮಕ್ಕಳು ಅದನ್ನು ಮರೆಯುತ್ತಾರೆ. ಮರೆತದ್ದು ಮುಂದಿನ ಸಾಲಿನಲ್ಲಿಯೂ ಇರುವುದಿಲ್ಲ, ಅದರ ಮುಂದಿನ ಸಾಲಿನಲ್ಲಿಯೂ ಇರುವುದಿಲ್ಲ. ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಜಾತ್ರೆಯಲ್ಲಿ ಕಳೆದುಹೋದ ತಮ್ಮನ ಹಾಗೆ ದಿಢೀರನೆ ಪ್ರತ್ಯಕ್ಷ. ಕೆಳಗಿನಿಂದ ಓದಿದರೆ ಆ ಪದ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋಗುತ್ತೀರಿ, ಸಿಕ್ಕಿಬೀಳುತ್ತದೆ. ಮೇಲಿನಿಂದ ಓದಿದರೆ ಕೊನೆಯ ಸಾಲು ಸರಿ ಇದೆಯೆಂದು ಐದಕ್ಕೆ ಐದು ಹಾಕಿ ಬಿಡುತ್ತೀರಿ. ನಾನು ಹಾಕಿದ್ದೇನೆ.

ಮೊದಲೇ ಆದ ತಪ್ಪು ಕೊನೆಯವರೆಗೆ ಹರಿದು ಬಂದರೆ ಏನು ಮಾಡಬೇಕು ಎನ್ನುವುದು ಕ್ಯಾಂಪಿನ ನಿತ್ಯದ ಜಗಳ. ಎಕ್ಸ್‌ನ ಮೇಲೆ ಘಾತವಾಗಿ ಸೈನ್ ಎಕ್ಸ್ ಇದೆ, ಅದರ ಡೆರಿವೇಟಿವ್ ಬೇಕು ಎನ್ನಿ. ಎರಡೂ ಕಡೆ ಲಾಗ್ ತೆಗೆದ ಮಗು ಸೈನ್‌ನ ಡೆರಿವೇಟಿವನ್ನು ಮೈನಸ್ ಕಾಸ್ ಎಂದು ಬರೆಯುತ್ತದೆ. ಉಳಿದದ್ದೆಲ್ಲ ಸರಿ, ಕೊನೆಗೆ ವೈ ಅನ್ನು ಬಲಕ್ಕೆ ಒಯ್ದು ಗುಣಿಸಲೂ ಮರೆತಿಲ್ಲ. ಒಂದೇ ಅಂಕ ಕಳೆಯುತ್ತೇನೆ. ಮುಂದಿನ ಸಾಲುಗಳು ಆ ಮಗುವಿನ ಮಟ್ಟಿಗೆ ಸರಿಯಾಗಿಯೇ ನಡೆದಿವೆ. ಇನ್ನೊಂದು ಮಗು ಸೈನ್ ಎಕ್ಸ್ ಇಂಟು ಲಾಗ್ ಎಕ್ಸ್ ಎಂಬುದರ ಡೆರಿವೇಟಿವ್ ಎಂದರೆ ಎರಡರ ಡೆರಿವೇಟಿವ್‌ಗಳ ಗುಣಲಬ್ಧ ಎಂದುಕೊಂಡು, ಕಾಸ್ ಎಕ್ಸ್ ಬೈ ಎಕ್ಸ್ ಎಂದು ಒಂದೇ ಪದ ಬರೆಯುತ್ತದೆ. ನೋಡಲು ಇದೂ ಒಂದೇ ತಪ್ಪು. ಆದರೆ ಪ್ರಶ್ನೆ ಕೇಳಿದ್ದೇ ಆ ಪ್ರಾಡಕ್ಟ್ ರೂಲಿಗಾಗಿ. ಲಾಗ್ ತೆಗೆದದ್ದಕ್ಕೆ ಕೊಟ್ಟು, ಎಡಗಡೆ ಸರಿ ಮಾಡಿದ್ದರೆ ಅದಕ್ಕೂ ಕೊಟ್ಟು, ಅಲ್ಲಿಗೆ ನಿಲ್ಲಿಸುತ್ತೇನೆ. ಲಾಗನ್ನೇ ತೆಗೆಯದೆ ಸೈನ್ ಎಕ್ಸ್ ಅನ್ನು ಕೆಳಗಿಳಿಸಿ ಘಾತದಲ್ಲಿ ಒಂದು ಕಳೆದವರಿಗೆ ಏನೂ ಇಲ್ಲ. ಅತ್ತೆ ಎಷ್ಟೇ ಹೇಳಲಿ.

ಟ್ರಿಗ್ನಾಮೆಟ್ರಿಯಲ್ಲಿ ಕರುಣೆಗೆ ಜಾಗ ಕಡಿಮೆ. ಸೈನ್ ಇನ್ವರ್ಸ್ ಆಫ್ ಸೈನ್ 120 ಡಿಗ್ರಿ ಎಷ್ಟು ಎಂದರೆ 120 ಎಂದು ಬರೆದು, ಇನ್ವರ್ಸ್ ಮತ್ತು ಸೈನ್ ಎರಡನ್ನೂ ಹೊಡೆದು ಹಾಕಿರುತ್ತಾರೆ. ಉತ್ತರ 60. ಸೈನ್ ಇನ್ವರ್ಸ್‌ನ ಪ್ರಿನ್ಸಿಪಲ್ ವ್ಯಾಲ್ಯೂ (ಹಲವು ಕೋನಗಳಲ್ಲಿ ಉತ್ತರವೆಂದು ಒಪ್ಪಿಕೊಂಡ ಒಂದು) ಮೈನಸ್ 90ರಿಂದ 90ರ ಒಳಗೇ ಇರಬೇಕು. ಇದು ಸ್ಪಷ್ಟ. ಕಾಟ್ ಇನ್ವರ್ಸ್‌ನದು ಹಾಗಲ್ಲ. ಮೈನಸ್ ರೂಟ್ 3ರ ಕಾಟ್ ಇನ್ವರ್ಸ್ ನಮ್ಮ ಪಠ್ಯಪುಸ್ತಕದ ಪ್ರಕಾರ 150 ಡಿಗ್ರಿ, ಏಕೆಂದರೆ ಅಲ್ಲಿ ವ್ಯಾಪ್ತಿ ಸೊನ್ನೆಯಿಂದ 180. ಕೆಲವು ಕಂಪ್ಯೂಟರ್ ತಂತ್ರಾಂಶಗಳಿಗೆ ಇದನ್ನೇ ಕೇಳಿದರೆ ಮೈನಸ್ 30 ಎನ್ನುತ್ತವೆ, ಅವುಗಳ ಒಪ್ಪಂದವೇ ಬೇರೆ. ಮೊಬೈಲಿನಲ್ಲಿ ತಾಳೆ ನೋಡಿದ ಒಬ್ಬ ವಿದ್ಯಾರ್ಥಿ ನನ್ನ ಹತ್ತಿರ ವಾದಕ್ಕೆ ಬಂದಿದ್ದ. ಅವನ ವಾದದಲ್ಲಿ ಹುರುಳಿತ್ತು. ಆದರೂ ಪರೀಕ್ಷೆ ಬರೆಯುವುದು ಈ ಪುಸ್ತಕ ಓದಿ, ಅಂಕವೂ ಅದರಂತೆಯೇ ಎಂದೆ. ಅವನು ಒಪ್ಪಿದ, ಮುಖ ಮಾತ್ರ ಒಪ್ಪಿರಲಿಲ್ಲ.

ಫಂಕ್ಷನ್ನುಗಳ ಪ್ರಶ್ನೆಯಲ್ಲಿ ಮಕ್ಕಳಿಗೆ ನನ್ನ ಮೇಲೆ ಸಿಟ್ಟು ಬರುವುದಕ್ಕೆ ಬೇರೆ ಕಾರಣ. ಒನ್-ಒನ್ ಎಂದರೆ ಬೇರೆ ಬೇರೆ ಎಕ್ಸ್‌ಗೆ ಬೇರೆ ಬೇರೆ ಬೆಲೆ. ಎಕ್ಸ್ ಸ್ಕ್ವೇರ್ ಒನ್-ಒನ್ ಅಲ್ಲ ಎನ್ನಲು ಒಂದರ ವರ್ಗವೂ ಒಂದು, ಮೈನಸ್ ಒಂದರ ವರ್ಗವೂ ಒಂದು ಎಂದು ಒಂದೇ ಸಾಲು ಬರೆದರೂ ಅಂಕ ಕೊಡುತ್ತೇನೆ. 4ಎಕ್ಸ್ ಪ್ಲಸ್ 3 ಒನ್-ಒನ್ ಹೌದು ಎನ್ನಲು 7, 11, 15 ಎಂದು ಮೂರು ಬೆಲೆ ಬರೆದು "ಎಲ್ಲಾ ಬೇರೆ ಬೇರೆ" ಎಂದರೆ ಕೊಡುವುದಿಲ್ಲ. ಅಲ್ಲಿ ಒಂದು ಉದಾಹರಣೆ ನಡೆಯಿತು, ಇಲ್ಲಿ ಮೂರಿದ್ದರೂ ಯಾಕಿಲ್ಲ? ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿಯ ಮನೆಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೋಗುತ್ತದೆ. ಚೀಲದ ಕಾಯೆಲ್ಲ ಒಣಗಿದೆ ಎನ್ನಲು ಮೇಲಿನ ಮೂರು ಕಾಯಿ ಮುರಿದು ತೋರಿಸಿದರೆ ಯಾವ ವ್ಯಾಪಾರಿಯೂ ನಂಬುವುದಿಲ್ಲ. ಒಣಗಿಲ್ಲ ಎನ್ನಲು ಒಂದು ಹಸಿಕಾಯಿ ಸಿಕ್ಕರೆ ಮುಗಿಯಿತು. ಇದನ್ನು ಹೇಳಿದ ವರ್ಷದಿಂದ ನಮ್ಮ ತರಗತಿಯಲ್ಲಿ ಆ ತಪ್ಪು ಕಡಿಮೆಯಾಗಿದೆ.

ಇದೆಲ್ಲ ತಲೆ ತಾಜಾ ಇರುವಾಗಿನ ಮಾತು. ಏಪ್ರಿಲ್ ಬಿಸಿಲಿನಲ್ಲಿ, ರೊಟ್ಟಿ-ಝುಣಕ ಉಂಡ ಮೇಲೆ, ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುವಾಗ ಮಾತು ಬೇರೆ. ಬೆಳಿಗ್ಗೆ ಎರಡು ಕೊಟ್ಟ ಉತ್ತರಕ್ಕೆ ಮಧ್ಯಾಹ್ನ ಒಂದು ಕೊಡುತ್ತೇನೆ ಎಂದು ನನಗೆ ಗೊತ್ತಾದದ್ದು ಕಟ್ಟಿನ ಕೊನೆಗೆ ಬಂದು ಮೊದಲ ನಾಲ್ಕು ಪತ್ರಿಕೆಗಳನ್ನು ಮತ್ತೆ ತೆರೆದಾಗ. ಈಗ ಒಂದು ಚೀಟಿ ಇಟ್ಟುಕೊಳ್ಳುತ್ತೇನೆ. ವಿಚಿತ್ರ ಉತ್ತರ ಬಂದಾಗಲೆಲ್ಲ ಪ್ರಶ್ನೆ ಸಂಖ್ಯೆ, ಏನು ಬರೆದಿದ್ದರು, ಎಷ್ಟು ಕೊಟ್ಟೆ ಎಂದು ಗುರುತು ಹಾಕುವುದು. ಅಂಥದೇ ಮತ್ತೆ ಬಂದರೆ ಚೀಟಿ ಹೇಳಿದ್ದೇ ಅಂಕ, ನನ್ನ ಹೊಟ್ಟೆ ಹೇಳಿದ್ದಲ್ಲ. ನಮ್ಮ ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಾದರೆ ಇನ್ನೂ ಸುಲಭ: ಎಲ್ಲರ 41ನೇ ಪ್ರಶ್ನೆ ಒಮ್ಮೆಗೆ, ಆಮೇಲೆ ಎಲ್ಲರ 42. ಕ್ಯಾಂಪಿನಲ್ಲಿ ಒಂದು ಪತ್ರಿಕೆ ಮುಗಿಸಿಯೇ ಇನ್ನೊಂದು ತೆರೆಯುವುದರಿಂದ ಅದು ಆಗುವುದಿಲ್ಲ.

ಕೂಡುವ ತಪ್ಪುಗಳನ್ನು ಹೆಚ್ಚು ಹೇಳುವುದಿಲ್ಲ. ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ಕೂಡಿದರೆ ತಪ್ಪುವುದಿಲ್ಲ. ನಾನು ತಪ್ಪಿದ್ದು ಕೂಡುವುದರಲ್ಲಿ ಅಲ್ಲ, ಪುಟ ತಿರುವುವುದರಲ್ಲಿ. ಲೀನಿಯರ್ ಪ್ರೋಗ್ರಾಮಿಂಗಿನ ಗ್ರಾಫ್ ಹಾಳೆಯನ್ನು ಮಧ್ಯದಲ್ಲಿ ಕಟ್ಟಿದ್ದರು, ಅದಕ್ಕೆ ಎರಡು ಪುಟ ಅಂಟಿಕೊಂಡಿದ್ದವು. ಆ ಪುಟಗಳ ನಡುವೆ ಒಂದು ಐದಂಕದ ಇಂಟಿಗ್ರಲ್ ಇಡಿಯಾಗಿ ಕುಳಿತಿತ್ತು. ಸಂಜೆ ಅದೇ ಡಿಸಿಇ ಸರ ಪತ್ರಿಕೆಯನ್ನು ಬೆಳಕಿಗೆ ಹಿಡಿದು, "ಇಲ್ಲೊಂದು ಮನಿ ಐತಿ, ಬಾಗಿಲಾ ತಗೀಲೇ ಇಲ್ಲ ನೀವು" ಎಂದರು. ಪಾಸಾಗಲು ಆ ಮಗುವಿಗೆ ನಾಲ್ಕು ಅಂಕ ಕಡಿಮೆ ಇತ್ತು. ಈಗ ಪುಟ ಎಣಿಸಿಯೇ ಮೊದಲ ಗುರುತು ಹಾಕುತ್ತೇನೆ.

ಈಗ ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹತ್ತಿದರೆ ಧಾರವಾಡ ಸಲೀಸು. ಪತ್ರಿಕೆಯೂ ನೂರು ಅಂಕದಿಂದ ಎಂಬತ್ತಕ್ಕೆ ಇಳಿದಿದೆ, ಉಳಿದ ಇಪ್ಪತ್ತು ಆಂತರಿಕ. ಆ ಸರ ನಿವೃತ್ತರಾದರು.

ಕಳೆದ ಡಿಸೆಂಬರಿನಲ್ಲಿ ನಮ್ಮ ತರಗತಿಗೆ ನಾನೇ ಕಟ್ಟಿದ ಒಂದು ಉತ್ತರ ಕೊಟ್ಟು ಮೌಲ್ಯಮಾಪನ ಮಾಡಿಸಿದೆ. 5ರವರೆಗೆ ಕೆಎಕ್ಸ್ ಪ್ಲಸ್ 1, ಅದರಾಚೆ 3ಎಕ್ಸ್ ಮೈನಸ್ 5 ಇರುವ ಫಂಕ್ಷನ್ 5ರಲ್ಲಿ ಕಂಟಿನ್ಯೂಅಸ್ ಆಗಲು, ಅಂದರೆ ಅಲ್ಲಿ ಕಡಿಯದೆ ಕೂಡಿಕೊಳ್ಳಲು, ಕೆ ಎಷ್ಟು? ನಾಲ್ಕು ಅಂಕ. ಉತ್ತರದಲ್ಲಿ ಇದ್ದದ್ದು ಎರಡೇ ಸಾಲು: 5ಕೆ ಪ್ಲಸ್ 1 ಸಮ 10, ಆದ್ದರಿಂದ ಕೆ ಎಂದರೆ 9 ಬೈ 5. ಉತ್ತರ ಸರಿ, ಲಿಮಿಟ್ ಎಂಬ ಮಾತೇ ಇಲ್ಲ. ಹುಡುಗರು ಒಂದೇ ಕೊಟ್ಟರು, ಒಬ್ಬನಂತೂ ಸೊನ್ನೆ. ಮೊದಲ ಬೆಂಚಿನ ಹುಡುಗಿ ಮೂರು ಕೊಟ್ಟು, "ಲಿಮಿಟ್ ಗೊತ್ತಿಲ್ಲದ ಈ ಸಾಲು ಹ್ಯಾಂಗ ಬರೀತಾರ ಸರ?" ಎಂದಳು. ನಾನು ಎರಡು ಎಂದುಕೊಂಡಿದ್ದೆ. ಗಂಟೆ ಹೊಡೆದ ಮೇಲೂ ಅರ್ಧ ತರಗತಿ ಏಳಲಿಲ್ಲ.