ಮೊದಲ ಟ್ರಯಾಥ್ಲಾನ್‌ಗೆ ಬೇಸಿಗೆಯ ತಯಾರಿ

ಮೊದಲ ಸಲಕ್ಕೆ ಸ್ಪ್ರಿಂಟ್, ಅಂದರೆ ಕಡಿಮೆ ದೂರದ ಟ್ರಯಾಥ್ಲಾನ್ ಸಾಕು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ಮೂರೂ ಒಂದರ ಹಿಂದೆ ಒಂದು. ದುಬಾರಿ ಸೈಕಲ್ ಬೇಕಿಲ್ಲ, ಬ್ರೇಕ್ ಚೆನ್ನಾಗಿದ್ದರೆ ಆಯ್ತು.

ಬಹಳ ಜನ ಮೂರನ್ನೂ ಬೇರೆ ಬೇರೆ ದಿನ ಅಭ್ಯಾಸ ಮಾಡುತ್ತಾರೆ. ಅಷ್ಟೇ ಸಾಲದು. ವಾರಕ್ಕೊಮ್ಮೆಯಾದರೂ ಸೈಕಲ್‌ನಿಂದ ಇಳಿದ ತಕ್ಷಣ ಹತ್ತು ನಿಮಿಷ ಓಡಿ. ಇದಕ್ಕೆ ಬ್ರಿಕ್ ಅಭ್ಯಾಸ ಅಂತಾರೆ. ಶುರುವಿನಲ್ಲಿ ತೊಡೆ ಕಲ್ಲಿನಂತೆ ಭಾರ ಅನ್ನಿಸುತ್ತದೆ, ಹೆಜ್ಜೆ ಹತೋಟಿಗೆ ಸಿಗುವುದಿಲ್ಲ. ಗಾಬರಿ ಬೇಡ. ಚಿಕ್ಕ ಚಿಕ್ಕ ಹೆಜ್ಜೆ ಹಾಕಿ, ಕಾಲು ತಾನಾಗಿಯೇ ಸಡಿಲಾಗುತ್ತದೆ. ಹೊಸಬರಿಗೆ ಇದಕ್ಕಿಂತ ಮುಖ್ಯವಾದ ಅಭ್ಯಾಸ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಈಜುಕೊಳದಲ್ಲಿ ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣನ್ನಷ್ಟೇ ನೀರಿನಿಂದ ಮೇಲೆತ್ತಿ ಮುಂದೆ ನೋಡಿ. ಸ್ಪರ್ಧೆ ಕೆರೆಯಲ್ಲಿ ನಡೆದರೆ ಅಲ್ಲಿ ದಾರಿ ತೋರಿಸಲು ತಳದಲ್ಲಿ ಗೆರೆ ಇರುವುದಿಲ್ಲ ಅಲ್ವಾ? ಆದರೆ ಕೆರೆಗೆ, ಹಿನ್ನೀರಿಗೆ ಒಬ್ಬರೇ ಇಳಿಯಲೇಬೇಡಿ.

ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಎಲ್ಲ ಮುಗಿಸಿ. ಮೈಸೂರಿನವರು ಬೆಳಕು ಹರಿಯುತ್ತಿದ್ದಂತೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿ ನೋಡಿ, ಆ ತಂಪು ಗಾಳಿಗಾದರೂ ಏಳಬೇಕು ಅನ್ನಿಸುತ್ತದೆ. ಸೈಕಲ್ ಹಿಂದೆ ಕೆಂಪು ದೀಪ ಇರಲಿ. ಮನೆಗೆ ಬಂದ ಮೇಲೆ ಬರೀ ನೀರು ಕುಡಿದು ಸುಮ್ಮನಾಗಬೇಡಿ. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ, ಉಪ್ಪು ಹಾಕಿದ ನೀರು ಮಜ್ಜಿಗೆ ಒಂದು ದೊಡ್ಡ ಲೋಟ ಕುಡಿಯಿರಿ.