ಶಿಸ್ತಲ್ಲ, ಶಿಸ್ಟು

ಚಿತ್ರದುರ್ಗದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸಲು ಆರಂಭಿಸಿದ ಮೊದಲ ವರ್ಷ, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿ ‘ಚಿತ್ರದುರ್ಗದ ಶಿಸ್ತು ಪಟ್ಟಿ’ ಎಂದು ಬರೆದಿದ್ದ. ತಪ್ಪು ಅವನದಾಗಿರಲಿಲ್ಲ. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹಬ್ಬಿರುವ, ನಮ್ಮೂರಿನ ಹೆಸರನ್ನೇ ಹೊತ್ತ ಆ ಶಿಲಾಪಟ್ಟಿಯ, ಪದರುಪದರಾಗಿ ಸೀಳುವ ಕಲ್ಲನ್ನು ನಾನೇ ತರಗತಿಯಲ್ಲಿ ಒಮ್ಮೆ ‘ಸ್ಕಿಸ್ಟ್’ ಎಂದೂ ಇನ್ನೊಮ್ಮೆ ‘ಶಿಸ್ಟ್’ ಎಂದೂ ಹೇಳುತ್ತಿದ್ದೆ.

ಅಂದು ಸಂಜೆ ನಿಘಂಟು ತೆರೆದೆ. ಇಂಗ್ಲಿಷಿನಲ್ಲಿ ಅದು ಒಂದೇ ಸ್ವರವುಳ್ಳ ಪದ: ಶಿಸ್ಟ್. ಸೀಳಿದ್ದು, ಸೀಳಬಹುದಾದದ್ದು ಎಂಬರ್ಥದ ಗ್ರೀಕ್ ಪದ ‘ಸ್ಖಿಸ್ತೋಸ್’ ಲ್ಯಾಟಿನ್ನಿಗೆ ಹೋಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತ್ತು. ಮೊದಲಿನ ‘ಸ್ಖಿ’ ‘ಶಿ’ ಆದದ್ದು ಫ್ರೆಂಚರ ಬಾಯಲ್ಲಿ. ಅದೇ ಧಾತುವಿನ ಸ್ಕಿಜೋಫ್ರೇನಿಯಾದಲ್ಲಿ ‘ಸ್ಕಿ’ ಉಳಿದುಕೊಂಡಿರುವುದೇ ನನ್ನ ನಾಲಿಗೆಯನ್ನು ದಾರಿ ತಪ್ಪಿಸಿತ್ತು. ಇದಕ್ಕಿಂತ ಖುಷಿ ಕೊಟ್ಟದ್ದು ಬೇರೊಂದು ನಂಟು: ಆ ಗ್ರೀಕ್ ಧಾತುವೂ ಸಂಸ್ಕೃತದ ‘ಛಿದ್’ ಧಾತುವೂ ಒಂದೇ ಮೂಲದವು. ನಾವು ದಿನವೂ ಬಳಸುವ ಛಿದ್ರ, ವಿಚ್ಛೇದನಗಳಿಗೆ ಈ ಕಲ್ಲಿನ ಹೆಸರು ದೂರದ ದಾಯಾದಿ.

ಮರುದಿನ, ಊರ ಹೊರಗೆ ಬಾವಿ ತೋಡಿ ಹಾಕಿದ್ದ ರಾಶಿಯಿಂದ ತಂದ ತುಂಡೊಂದನ್ನು ಆ ಹುಡುಗನ ಕೈಗೆ ಕೊಟ್ಟು, ಪದರುಗಳ ನಡುವೆ ಚಾಕುವಿನ ಮೊನೆ ಆಡಿಸಲು ಹೇಳಿದೆ. ಚಕ್ಕೆ ಎದ್ದಿತು. ‘ಕೋಟೆಯ ಬಂಡೆ ಹೀಗೆ ಏಳಲ್ಲ ಸಾರ್’ ಎಂದ. ಅದು ಗ್ರಾನೈಟ್, ಏಳುವುದಿಲ್ಲ. ‘ಛೇದ’ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಅದರ ಪಕ್ಕದಲ್ಲಿ ‘ಶಿಸ್ಟು’ ಎಂದು ಬರೆದೆ. ಕೊನೆಯ ‘ಉ’ಕಾರ ನಮ್ಮದು, ವ್ಯಂಜನದಲ್ಲಿ ಪದ ಮುಗಿದರೆ ಕನ್ನಡದ ಬಾಯಿಗೆ ಸಮಾಧಾನವಿಲ್ಲ, ಹೀಗಾಗಿ ಒಂದು ಸ್ವರದ ಪದ ಇಲ್ಲಿ ಎರಡಕ್ಷರವಾಗುತ್ತದೆ. ಒತ್ತಕ್ಷರದ ಹಿಂದಿನ ‘ಶಿ’ ಗುರು, ‘ಸ್ಟು’ ಲಘು. ‘ಶಿಸ್ತು’ವಿನ ಲೆಕ್ಕವೂ ಇದೇ ಆದ್ದರಿಂದ ಕಿವಿ ಮೋಸಹೋಗುವುದು ಸಹಜ, ‘ಟ’ಕಾರಕ್ಕೆ ನಾಲಿಗೆಯನ್ನು ಮಡಿಸಿ ಮೇಲೆತ್ತಬೇಕೆಂದು ಈಗ ಪ್ರತಿ ವರ್ಷವೂ ಹೇಳಿಸುತ್ತೇನೆ.

‘ನೈಸ್’ ಶಿಲೆಯದು ಇನ್ನೂ ತಾಪತ್ರಯ. ಜರ್ಮನ್ನರು ಅದರ ಮೊದಲಿನ ‘ಗ್’ ಧ್ವನಿಯನ್ನು ಉಚ್ಚರಿಸುತ್ತಾರೆ, ಇಂಗ್ಲಿಷರು ಬಿಡುತ್ತಾರೆ. ಕಿಡಿ ಎಂಬರ್ಥದ ಹಳೆಯ ಜರ್ಮನ್ ಪದವೇ ಅದರ ಮೂಲವಿರಬೇಕೆಂದು ಪಂಡಿತರ ಊಹೆ. ನಮ್ಮ ಮಕ್ಕಳಿಗೋ ನೈಸ್ ಎಂದರೆ ನುಣುಪು. ಒರಟಾದ, ಪಟ್ಟೆಪಟ್ಟೆಯಾದ ಆ ಕಲ್ಲನ್ನು ಅವರ ಅಂಗೈಗೆ ಒತ್ತಿದ ಮೇಲೆಯೇ ನಾನು ಅದರ ಹೆಸರು ಹೇಳುವುದು.